ಒಂದು ಮಾರು ಅಗಲದ ಅಂಗಡಿ

"ಆರ್ಕಿಟೆಕ್ಚರ್ ಅಂದ್ರೆ ಸಿವಿಲ್ಲೇ ತಾನೆ?" ನನ್ನ ತಂಗಿ ಬಿ.ಆರ್ಕ್ ಸೇರಿದ ಮೇಲೆ ಮದುವೆ, ಗೃಹಪ್ರವೇಶ, ತಿಥಿ ಎಲ್ಲಿಗೆ ಹೋದರೂ ನಮಗೆ ಎದುರಾಗುವ ಮೊದಲ ಪ್ರಶ್ನೆ ಇದು. ಎರಡನೆಯದು, "ಯಾಕೆ, ಸಿಎಸ್ ಸಿಗಲಿಲ್ವಾ?"

ಸಿಕ್ಕಿತ್ತು. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ. ಸೀಟು ಸಿಗದೆ ಬೇರೆ ಕೋರ್ಸಿಗೆ ಹೋದರೆ ಜನ ಅಯ್ಯೋ ಪಾಪ ಅಂತಾರೆ. ಸಿಕ್ಕಿದ್ದನ್ನು ಬಿಟ್ಟು ಹೋದರೆ ತಲೆ ಕೆಟ್ಟಿದೆ ಅಂತಾರೆ. ತಿಪಟೂರಿನಲ್ಲಿರುವ ನಮ್ಮಪ್ಪ ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿ, "ಮುಂದಿನ ವರ್ಷ ಬೇಕಾದ್ರೆ ಸಿಎಸ್‌ಗೆ ಇನ್ನೊಂದ್ಸಲ ಟ್ರೈ ಮಾಡಬಹುದಂತಲ್ಲ ಪುಟ್ಟಿ?" ಅಂತ ಮಾತ್ರ ಕೇಳುತ್ತಿದ್ದರು. ಆಮೇಲೆ ಫೋನು ನನ್ನ ಕೈಗೆ ಬರುತ್ತಿತ್ತು. ಸಾಫ್ಟ್‌ವೇರ್‌ನಲ್ಲಿರುವ ಅಣ್ಣ ತಂಗಿಗೆ ಬುದ್ಧಿ ಹೇಳಲಿ ಎನ್ನುವುದು ಅವರ ಲೆಕ್ಕ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಇದು ಐದು ವರ್ಷದ ಕೋರ್ಸು. ಸೇರೋಕೆ ನಾಟಾ ಅಂತ ಪ್ರತ್ಯೇಕ ಪರೀಕ್ಷೆ ಇದೆ, ನಡೆಸುವುದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. 1972ರ ಕಾಯ್ದೆಯ ಪ್ರಕಾರ ಆ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರಷ್ಟೇ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಕಟ್ಟಡ ಬೀಳದ ಹಾಗೆ ನೋಡಿಕೊಳ್ಳುವುದು ಮುಖ್ಯವಾಗಿ ಸಿವಿಲ್‌ನವರ ಕೆಲಸ. ಅದರೊಳಗೆ ಮನುಷ್ಯ ಎಲ್ಲಿ ಕೂರುತ್ತಾನೆ, ಎಲ್ಲಿಂದ ಬೆಳಕು ಬರುತ್ತೆ, ಚಪ್ಪಲಿ ಎಲ್ಲಿ ಬಿಡುತ್ತಾನೆ ಅನ್ನೋದು ಇವರ ಚಿಂತೆ. ಈ ಉತ್ತರವನ್ನು ನಾನು ಮೂರು ಮದುವೆಗಳಲ್ಲಿ ಹೇಳಿದೀನಿ. ಮೂರರಲ್ಲೂ, "ಹಂಗಾದ್ರೆ ಇಂಟೀರಿಯರ್ ಅನ್ನಿ" ಅಂದರು.

ತಂಗಿ ಬೆಂಗಳೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಹಾಗಾಗಿ ಒಬ್ಬ ಆರ್ಕಿಟೆಕ್ಟ್ ತಯಾರಾಗುವುದನ್ನು ಹಾಲ್‌ನಲ್ಲಿ ಕೂತು ನೋಡುವ ಅವಕಾಶ ನನ್ನದು. ಕೂತು ಅಂದರೆ ಜಾಗ ಸಿಕ್ಕರೆ. ಡೈನಿಂಗ್ ಟೇಬಲ್ಲು ಡ್ರಾಯಿಂಗ್ ಬೋರ್ಡ್ ಆಗಿ ಹೋಯಿತು. ಸೋಫಾ ಮೇಲೆ ಸನ್‌ಬೋರ್ಡ್, ನೆಲದ ಮೇಲೆ ಕಟರ್, ಫ್ರಿಜ್ ಮೇಲೆ ಸುತ್ತಿಟ್ಟ ಕಾರ್ಟ್ರಿಜ್ ಶೀಟು. ಬಟರ್ ಪೇಪರ್ ಅಂದರೆ ಅಡುಗೆ ಮನೆ ಸಾಮಾನು ಅಂದುಕೊಂಡಿದ್ದ ನಾನು, ಒಂದು ರೋಲನ್ನು ಒಬ್ಬಳು ಹುಡುಗಿ ಎಷ್ಟು ದಿನದಲ್ಲಿ ಮುಗಿಸಬಲ್ಲಳು ಅಂತ ಈಗ ಕರಾರುವಾಕ್ಕಾಗಿ ಹೇಳಬಲ್ಲೆ.

ಕಾಲೇಜು ಶುರುವಾಗಿ ಒಂದೂವರೆ ತಿಂಗಳು ಅವಳು ಒಂದು ಮನೆ, ಒಂದು ಕಿಟಕಿ ಬರೆಯಲಿಲ್ಲ. ಬರೀ ಗೆರೆ. ಸ್ಕೇಲ್ ಇಲ್ಲದೆ ಕೈಯಲ್ಲೇ ಎಳೆದ ನೂರಾರು ಗೆರೆ. ಆಮೇಲೆ ಚುಕ್ಕಿ. ಆಮೇಲೆ ಕಪ್ಪು ಕಾಗದದ ಚೌಕಗಳನ್ನು ಬಿಳಿ ಹಾಳೆ ಮೇಲೆ ಅಂಟಿಸಿ 'ಭಾರ' ತೋರಿಸು, 'ಓಟ' ತೋರಿಸು. ಅದಾದ ಮೇಲೆ ಹದಿನೈದು ಸೆಂಟಿಮೀಟರ್‌ನ ಒಂದು ಘನ ಮಾಡಿ, ಅದರಿಂದ ಒಂದಿಷ್ಟು ಕತ್ತರಿಸಿ ತೆಗೆದು, 'ಹಗುರ' ಅನ್ನಿಸುವಂತೆ ಮಾಡು. ದಸರಾಕ್ಕೆ ಬಂದಿದ್ದ ಅಪ್ಪ ಆ ಘನವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದಕ್ಕಾ ಇಷ್ಟು ಫೀಸು?" ಅಂದರು.

ಇದು ಇಲ್ಲಿಯ ಮೇಷ್ಟ್ರುಗಳು ಹುಟ್ಟಿಸಿದ ಹುಚ್ಚಲ್ಲ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಅನ್ನುವ ಶಾಲೆ ಶುರುವಾಯಿತು. ಅಲ್ಲಿ ಯೋಹಾನೆಸ್ ಇಟ್ಟೆನ್ ಎಂಬ ಮೇಷ್ಟ್ರು ಹೊಸ ವಿದ್ಯಾರ್ಥಿಗಳಿಗೆ ನೇರವಾಗಿ ವಸ್ತುಗಳನ್ನು ವಿನ್ಯಾಸ ಮಾಡೋಕೆ ಬಿಡದೆ, ಮೊದಲು ಬಣ್ಣ, ಆಕಾರ, ಮರ, ಬಟ್ಟೆ ಇವುಗಳ ಜೊತೆ ಆಡಿಸುತ್ತಿದ್ದರು. ಆಮೇಲೆ ಬಂದ ಯೋಸೆಫ್ ಆಲ್ಬರ್ಸ್ ಒಂದು ಹಾಳೆ ಕಾಗದ ಕೊಟ್ಟು, ಬರೀ ಮಡಿಸಿ, ಕತ್ತರಿಸಿ ಅದರಿಂದ ಏನು ಮಾಡಬಲ್ಲಿರಿ ನೋಡಿ ಅನ್ನುತ್ತಿದ್ದರು. ಆ ಪದ್ಧತಿಯ ಮೊಮ್ಮಕ್ಕಳು ಮರಿಮಕ್ಕಳು ಇವತ್ತು ನಮ್ಮ ಕಾಲೇಜುಗಳಲ್ಲಿ 'ಬೇಸಿಕ್ ಡಿಸೈನ್' ಅನ್ನೋ ಹೆಸರಿನಲ್ಲಿವೆ. ನನ್ನ ಇಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ಪ್ರಯೋಗ ಶುರು ಮಾಡುವ ಮೊದಲೇ ಉತ್ತರ ಎಷ್ಟು ಬರಬೇಕು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಇವಳಿಗೆ ಕೊಟ್ಟ ಪ್ರಶ್ನೆಗಳಿಗೆ ಉತ್ತರವೇ ಇರಲಿಲ್ಲ. ಅದು ನನಗೆ ಹೊಟ್ಟೆಕಿಚ್ಚು ಹುಟ್ಟಿಸಿತು. ಅವಳಿಗೆ ಭಯ ಹುಟ್ಟಿಸಿತು.

ಡಿಸೆಂಬರಿನಲ್ಲಿ ಮೊದಲ ನಿಜವಾದ ಡಿಸೈನ್ ಪ್ರಾಜೆಕ್ಟ್ ಬಂತು. ಹೂವಿನ ಅಂಗಡಿ. ಉದ್ದ 2.4 ಮೀಟರ್, ಅಗಲ 1.5 ಮೀಟರ್ ಮೀರಬಾರದು, ಒಬ್ಬರು ಕೂತು ಮಾರುವಂತಿರಬೇಕು, ರಾತ್ರಿ ಮುಚ್ಚಿ ಬೀಗ ಹಾಕುವಂತಿರಬೇಕು. ಮಾಡೆಲ್ 1:20 ಅಳತೆಯಲ್ಲಿ. ಅಂದರೆ ಅಂಗೈ ಮೇಲೆ ಕೂರುವಷ್ಟು ದೊಡ್ಡದು.

ಈ ಕೋರ್ಸಿನಲ್ಲಿ 'ಕಾನ್ಸೆಪ್ಟ್' ಅನ್ನೋದೊಂದು ಭೂತ ಇದೆ. ಮೊದಲ ವರ್ಷದವರ ಮೈಮೇಲೆ ಬರುವುದು ಇದೇ. ಏನೇ ಮಾಡಿದರೂ ಅದರ ಹಿಂದೆ ಕಾನ್ಸೆಪ್ಟ್ ಇರಬೇಕು ಅಂತ ಸೀನಿಯರ್‌ಗಳು ಹೆದರಿಸಿರುತ್ತಾರೆ. ಅವಳ ಕ್ಲಾಸಿನಲ್ಲಿ ನವಿಲು ಇತ್ತು, ಚಿಟ್ಟೆ ಇತ್ತು, ಶಂಖ ಎರಡು ಇದ್ದವು. ನಮ್ಮವಳು ಕಮಲ. ದೆಹಲಿಯ ಲೋಟಸ್ ಟೆಂಪಲ್ ನೋಡಿದ ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ. ಹೂವಿನ ಅಂಗಡಿ, ಹೂವಿನ ಆಕಾರ, ಎಂಟು ದಳ. ಒಂದೊಂದು ದಳಕ್ಕೂ ಮೌಂಟ್‌ಬೋರ್ಡನ್ನು ತೆಳ್ಳಗೆ ಕೊಯ್ದು, ಬಗ್ಗಿಸಿ, ಅಂಟು ಒಣಗುವ ತನಕ ಬೆರಳಲ್ಲಿ ಹಿಡಿದು ಕೂತಿರುತ್ತಿದ್ದಳು. ಎರಡು ರಾತ್ರಿ ನಿದ್ದೆ ಇಲ್ಲ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಜ್ಯೂರಿಯಲ್ಲಿ, ಅಂದರೆ ಮೇಷ್ಟ್ರುಗಳು ಸಾಲಾಗಿ ಕೂತು ಎಲ್ಲರೆದುರು ಪ್ರಶ್ನೆ ಕೇಳುವ ಆ ಸಂತೆಯಲ್ಲಿ, ಒಬ್ಬರು ಕೇಳಿದರಂತೆ: "ಇದರೊಳಗೆ ಕೂರೋರು ಯಾರು? ಎಷ್ಟು ಎತ್ತರ ಇದಾರೆ? ಊಟದ ಡಬ್ಬಿ ಎಲ್ಲಿಡ್ತಾರೆ? ಮಧ್ಯಾಹ್ನದ ಬಿಸಿಲು ಯಾವ ಕಡೆಯಿಂದ?" ಇವಳ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಅವರು ಮಾತಾಡುತ್ತಲೇ ಎರಡು ದಳ ಕಿತ್ತು ಮೇಜಿನ ಮೇಲಿಟ್ಟು, "ಈಗ ಸ್ವಲ್ಪ ಗಾಳಿ ಬರುತ್ತೆ" ಅಂದರಂತೆ. ಕ್ಲಾಸು ನಕ್ಕಿತು.

ಪ್ರಶ್ನೆಗಳೆಲ್ಲ ಸರಿಯಾದವೇ. ಕೀಳೋದು ಬೇಕಿರಲಿಲ್ಲ. ನಮ್ಮ ಆಫೀಸಿನಲ್ಲೂ ಕೋಡ್ ರಿವ್ಯೂ ಅಂತ ನಡೆಯುತ್ತೆ, ಅಲ್ಲೂ ಮುಲಾಜಿಲ್ಲದೆ ತಪ್ಪು ಹುಡುಕುತ್ತಾರೆ. ಆದರೆ ಹದಿನೆಂಟು ವರ್ಷದವಳು ಎರಡು ರಾತ್ರಿ ಬೆರಳಲ್ಲಿ ಹಿಡಿದು ನಿಲ್ಲಿಸಿದ್ದನ್ನು ಅವಳೆದುರೇ ಕಿತ್ತರೆ ಏನಾಗುತ್ತೆ ಅನ್ನೋದು ಬೇರೆ ವಿಷಯ.

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಹನ್ನೊಂದು ಗಂಟೆಗೆ ನನ್ನ ರೂಮಿನ ಬಾಗಿಲಲ್ಲಿ ನಿಂತು, "ಅಣ್ಣ, ಅಪ್ಪಂಗೆ ನೀನೇ ಹೇಳು. ಸಿಎಸ್ಸೇ ಮಾಡ್ತೀನಿ. ನನ್ನ ಕೈಲಾಗಲ್ಲ ಇದು" ಅಂದಳು. ಅಳುತ್ತಿರಲಿಲ್ಲ. ಅಳು ಮುಗಿಸಿಕೊಂಡು ಬಂದಿದ್ದಳು ಅನ್ಸುತ್ತೆ.

ನಾನು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. "ನಾಳೆ ಶನಿವಾರ. ಗಾಂಧಿ ಬಜಾರಿಗೆ ಹೋಗಿ ದೋಸೆ ತಿನ್ನೋಣ, ಆಮೇಲೆ ನೋಡೋಣ" ಅಂದೆ. ವಿದ್ಯಾರ್ಥಿ ಭವನದ ಕ್ಯೂನಲ್ಲಿ ನಿಂತು ಭವಿಷ್ಯ ತೀರ್ಮಾನ ಮಾಡಿದವರು ಬೆಂಗಳೂರಿನಲ್ಲಿ ನಾವೇ ಮೊದಲಿಗರೇನಲ್ಲ.

ದೋಸೆ ಆದ ಮೇಲೆ ಹೂವಿನ ಸಾಲಿಗೆ ಬಂದೆವು. ಧನುರ್ಮಾಸ ಶುರುವಾಗಿತ್ತು, ಬೆಳಗಿನ ವ್ಯಾಪಾರ ಜೋರು. ಒಬ್ಬ ಅಜ್ಜಿಯ ಹತ್ತಿರ ಕಾಕಡ ಕೊಂಡು, ಪಕ್ಕದ ಕಟ್ಟೆ ಮೇಲೆ ಕೂತೆವು. ಮೊದಮೊದಲು ತಂಗಿ ಸುಮ್ಮನೆ ನೋಡುತ್ತಿದ್ದಳು. ಅರ್ಧ ಗಂಟೆ ಆದ ಮೇಲೆ ಬ್ಯಾಗಿನಿಂದ ಪುಸ್ತಕ ತೆಗೆದಳು.

ಅವಳು ಬರೆದುಕೊಂಡಿದ್ದರಲ್ಲಿ ಕೆಲವು ಇಲ್ಲಿ ಕೊಡ್ತೀನಿ. ಆಕೆ ಕುರ್ಚಿ ಮೇಲೆ ಕೂರುವುದಿಲ್ಲ, ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿ, ಮೇಲೆ ಗೋಣಿಚೀಲ ಹಾಸಿ, ಚಕ್ಕಳಮಕ್ಕಳ. ಬಲಗಡೆ ಕೈಗೆಟುಕುವ ಹಾಗೆ ಒಂದು ಮಗ್ಗಿನಲ್ಲಿ ನೆನೆಸಿದ ಬಾಳೆ ನಾರು. ಕಟ್ಟಿದ ಹೂವಿನ ಮೇಲೆ ಒದ್ದೆ ಬಟ್ಟೆ. ಅದರ ನೀರು ಸೋರಿ ಆಕೆಯ ಸೀರೆ ಅಂಚು ಯಾವಾಗಲೂ ತೇವ. ದುಡ್ಡು ಗೋಣಿಚೀಲದ ಅಡಿಗೆ, ನೋಟು ಎಡಕ್ಕೆ, ಚಿಲ್ಲರೆ ಬಲಕ್ಕೆ. ಕ್ಯೂಆರ್ ಕೋಡ್ ಛತ್ರಿಯ ಕೋಲಿಗೆ ಕಟ್ಟಿದೆ, ಛತ್ರಿ ತಿರುಗಿದರೆ ಅದೂ ತಿರುಗುತ್ತೆ. ಗಿರಾಕಿ ನಿಂತಿರುತ್ತಾರೆ, ಆಕೆ ಕೂತಿರುತ್ತಾರೆ, ಹಾಗಾಗಿ ಇಡೀ ದಿನ ಕತ್ತು ಮೇಲೆ. ಮೂರು ಗಂಟೆ ಮೇಲೆ ಎದುರು ಬಿಸಿಲು, ಆಗ ಹೂವನ್ನೆಲ್ಲ ಎತ್ತಿ ಹಿಂದಕ್ಕೆ. ಊಟದ ಡಬ್ಬಿ ಪಕ್ಕದ ಬಳೆ ಅಂಗಡಿಯಲ್ಲಿ.

ಆಮೇಲೆ ಯಾರೋ ಬಂದು, "ಎರಡು ಮಾರು ಕೊಡಮ್ಮ" ಅಂದರು. ಆಕೆ ಹೂವಿನ ತುದಿ ಹಿಡಿದು ಎರಡೂ ತೋಳು ಪೂರ್ತಿ ಚಾಚಿದರು. ಎಡಗೈ ಪಕ್ಕದವರ ಸೇವಂತಿಗೆ ಬುಟ್ಟಿಗೆ ತಾಗಿತು. ಆಕೆ ಸ್ವಲ್ಪ ಓರೆಯಾಗಿ ತಿರುಗಿ ಮತ್ತೆ ಚಾಚಿದರು.

ನನ್ನ ತಂಗಿ ಪೆನ್ಸಿಲ್ ಕೆಳಗಿಟ್ಟಳು. "ಅಣ್ಣ, ನನ್ನ ಕಮಲದೊಳಗೆ ಕೂತ್ರೆ ಇವರಿಗೆ ಮಾರು ಹಾಕೋಕೇ ಆಗಲ್ಲ" ಅಂದಳು.

ಟೇಪ್ ಅವಳ ಬ್ಯಾಗಿನಲ್ಲಿ ಯಾವಾಗಲೂ ಇರುತ್ತೆ. ವ್ಯಾಪಾರ ಇಳಿದ ಮೇಲೆ ಹೋಗಿ ಕೇಳಿದಳು. "ಏನವ್ವಾ, ಹೂವ ಬಿಟ್ಟು ನನ್ನನ್ನ ಅಳೀತೀಯಾ?" ಅಂತ ಅಜ್ಜಿ ನಕ್ಕರು, ಆದರೆ ಕೈ ಚಾಚಿದರು. ಮೊಳ 40 ಸೆಂಟಿಮೀಟರ್, ಮಾರು 156. ಹೆಚ್ಚುಕಡಿಮೆ ನಾಲ್ಕು ಮೊಳಕ್ಕೆ ಒಂದು ಮಾರು. "ನಮ್ ಅಳತೆ ಕರೆಕ್ಟಾಗೇ ಇರ್ತದೆ ಕಣವ್ವಾ, ಬೇರೆಯೋರ್ದು ಕೇಳಬೇಡ" ಅಂತ ಪಕ್ಕದ ಅಂಗಡಿ ಕಡೆ ಕಣ್ಣು ಮಾಡಿದರು.

ಇದೇ ವಿಷಯಕ್ಕೆ ಲ ಕಾರ್ಬುಸಿಯೆ ಒಂದು ಇಡೀ ಪದ್ಧತಿ ಕಟ್ಟಿದ್ದ ಅಂತ ತಂಗಿ ಬಸ್ಸಿನಲ್ಲಿ ಹೇಳಿದಳು. ಚಂಡೀಗಢದ ನಕ್ಷೆ ಮಾಡಿದ ಆ ಫ್ರೆಂಚ್ ವಾಸ್ತುಶಿಲ್ಪಿಯೇ. 'ಮಾಡ್ಯುಲರ್' ಅಂತ ಅದರ ಹೆಸರು. ಒಬ್ಬ ಮನುಷ್ಯನ ಎತ್ತರ 1.83 ಮೀಟರ್, ಕೈ ಎತ್ತಿದರೆ 2.26, ಕಟ್ಟಡದ ಅಳತೆಗಳೆಲ್ಲ ಅಲ್ಲಿಂದ. ಮೊದಲು 1.75 ಅಂತಿತ್ತಂತೆ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಬರುವ ಚೆಂದದ ಪೊಲೀಸರೆಲ್ಲ ಆರಡಿ ಇರ್ತಾರೆ ಅನ್ನೋ ಮಾತಿನ ಮೇಲೆ ಆರಡಿಗೆ ಏರಿಸಿದರಂತೆ. ಗಾಂಧಿ ಬಜಾರಿನ ಅಜ್ಜಿ ಆ ಪೊಲೀಸಪ್ಪನ ಭುಜಕ್ಕೆ ಬರಬಹುದು.

ಮುಂದಿನ ಮೂರು ವಾರ ಸಿಎಸ್ ಮಾತು ಎತ್ತಲಿಲ್ಲ. ಬಿಟ್ಟಳು ಅಂತಲ್ಲ, ಪುರುಸೊತ್ತಿರಲಿಲ್ಲ. ಒಂದು ಬಟರ್ ಪೇಪರ್ ಮೇಲೆ ನಕ್ಷೆ ಬರೆಯುತ್ತಾಳೆ, ಇಷ್ಟವಾಗಲಿಲ್ಲ ಅಂದರೆ ಅಳಿಸುವುದಿಲ್ಲ. ಅದರ ಮೇಲೆ ಇನ್ನೊಂದು ಹಾಸಿ, ಕೆಳಗಿನದರಲ್ಲಿ ಸರಿ ಇದ್ದ ಗೆರೆಯಷ್ಟೇ ಉಳಿಸಿಕೊಂಡು ಬಾಕಿಯದನ್ನು ಬದಲಿಸುತ್ತಾಳೆ. ನಮ್ಮ ಕೋಡಿನಲ್ಲೂ ಹಳೇ ಆವೃತ್ತಿಗಳು ಉಳಿದಿರುತ್ತವೆ, ಆದರೆ ಹುಡುಕಿ ತೆಗೆಯಬೇಕು. ಇಲ್ಲಿ ಹಳೆಯದು ಹೊಸದರ ಅಡಿಯಿಂದ ಇಣುಕುತ್ತಲೇ ಇರುತ್ತೆ. ಹದಿನಾಲ್ಕನೇ ಹಾಳೆಯ ಹೊತ್ತಿಗೆ ಎಲ್ಲ ಹಾಳೆಗಳಲ್ಲೂ ಕದಲದೆ ಉಳಿದಿದ್ದು ಒಂದೇ: ಒಳಗಿನ ಅಗಲ, 170 ಸೆಂಟಿಮೀಟರ್. ಮಾರು, ಮೇಲೆ ಎರಡೂ ಕಡೆ ಏಳೇಳು ಸೆಂಟಿಮೀಟರ್.

ಒಂದು ರಾತ್ರಿ ನಾನು ಅವಳಿಗೊಂದು ಸಂಗತಿ ಹೇಳಿದೆ. ನಾವು ಸಾಫ್ಟ್‌ವೇರ್‌ನವರು ಇಂಟರ್‌ವ್ಯೂಗೆ ಉರು ಹೊಡೆಯುವ 'ಡಿಸೈನ್ ಪ್ಯಾಟರ್ನ್ಸ್' ಬಂದಿದ್ದು ಅವಳ ಕಡೆಯಿಂದಲೇ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ಆರ್ಕಿಟೆಕ್ಟ್ 1977ರಲ್ಲಿ ತನ್ನ ಜೊತೆಗಾರರೊಂದಿಗೆ 'ಎ ಪ್ಯಾಟರ್ನ್ ಲ್ಯಾಂಗ್ವೇಜ್' ಅಂತ ಪುಸ್ತಕ ತಂದ. ಊರಿನಿಂದ ಹಿಡಿದು ಕಿಟಕಿಯ ತನಕ 253 ಪ್ಯಾಟರ್ನ್‌ಗಳು. ಅದರಿಂದ ಪ್ರೇರಣೆ ಪಡೆದು 1994ರಲ್ಲಿ ನಾಲ್ಕು ಜನ ಬರೆದದ್ದು ನಮ್ಮ ಪುಸ್ತಕ, 23 ಪ್ಯಾಟರ್ನ್. ಮರುದಿನವೇ ಅವಳು ಲೈಬ್ರರಿಯಿಂದ ಅಲೆಕ್ಸಾಂಡರನನ್ನು ಹೊತ್ತು ತಂದಳು. ಆರಡಿಗಿಂತ ಕಮ್ಮಿ ಆಳದ ಬಾಲ್ಕನಿಯನ್ನು ಯಾರೂ ಬಳಸುವುದಿಲ್ಲ ಅಂತ ಅದರಲ್ಲೊಂದು ಪ್ಯಾಟರ್ನ್ ಇದೆ. ನಮ್ಮ ಬಾಡಿಗೆ ಮನೆಯ ಬಾಲ್ಕನಿ ಮೂರಡಿ. ಅಲ್ಲಿ ವಾಷಿಂಗ್ ಮೆಷಿನ್ ಇದೆ, ಮಾಪ್ ಇದೆ, ಮನುಷ್ಯರು ಇಲ್ಲ. ನೀವೂ ಒಮ್ಮೆ ನಿಮ್ಮದನ್ನು ಅಳೆದು ನೋಡಿ.

ಕೊನೆಗೆ ನಿಂತ ಅಂಗಡಿ ನೋಡೋಕೆ ಬಹಳ ಸಾದಾ. ನೆಲದಿಂದ 60 ಸೆಂಟಿಮೀಟರ್ ಎತ್ತರದ ಮರದ ಜಗಲಿ, ಆಕೆ ಕೂತಾಗ ಮುಖ ಗಿರಾಕಿಯ ಮುಖಕ್ಕೆ ಆದಷ್ಟು ಹತ್ತಿರ ಬರಲಿ ಅಂತ. ಹೂವಿಡುವ ಹಲಗೆ ಹೊರಗಡೆಗೆ ಸ್ವಲ್ಪ ಇಳಿಜಾರು, ತುದಿಯಲ್ಲೊಂದು ಕಾಲುವೆ, ನೀರು ಸೀರೆಗೆ ಬರದೆ ಪಕ್ಕಕ್ಕೆ ಹೋಗುತ್ತೆ. ಬಿಸಿಲಿನ ಕಡೆ ಬಿದಿರಿನ ತಟ್ಟಿ. ಮುಂದಿನ ಬಾಗಿಲು ಮೇಲಕ್ಕೆ ತೆರೆದರೆ ನೆರಳು, ಕೆಳಕ್ಕೆ ಇಳಿಸಿದರೆ ಬೀಗ. ಜಗಲಿ ಕೆಳಗೆ ಡಬ್ಬಿಗೊಂದು ಗೂಡು. ಒಟ್ಟಿನಲ್ಲಿ ಪೆಟ್ಟಿಗೆ ಅಂಗಡಿಯ ದೂರದ ನೆಂಟ.

ಫೈನಲ್ ಜ್ಯೂರಿಗೆ ಹೋಗುವಾಗ ಮಾಡೆಲ್ ಜೊತೆ ಒಂದು ರೋಲ್ ಮಾಸ್ಕಿಂಗ್ ಟೇಪ್ ತಗೊಂಡು ಹೋದಳು. ಸ್ಟುಡಿಯೋ ನೆಲದ ಮೇಲೆ ಅಂಗಡಿಯನ್ನು ನಿಜವಾದ ಅಳತೆಯಲ್ಲಿ ಟೇಪ್ ಅಂಟಿಸಿ ಬರೆದಳಂತೆ. ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು, ವಯಸ್ಸಾದ ಮೇಡಂ, ಚಪ್ಪಲಿ ಬಿಟ್ಟು ಅದರೊಳಗೆ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಕೈ ಚಾಚಿದರು. ತಾಗಲಿಲ್ಲ. ಆ ದಳ ಕಿತ್ತ ಮೇಷ್ಟ್ರು ಮಾತ್ರ, "ಎಲ್ಲ ಸರಿ, ಡಿಸೈನ್ ಎಲ್ಲಿದೆ?" ಅಂದರಂತೆ.

ನೂರಕ್ಕೆ 61 ಬಂತು. ಶಂಖಗಳಲ್ಲಿ ಒಂದಕ್ಕೆ 78. ಈ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಶಂಖದೊಳಗೆ ಕೂತು ಯಾರಾದರೂ ಒಂದು ಮಾರು ಸೇವಂತಿಗೆ ಅಳೆದು ತೋರಿಸಲಿ. ತಂಗಿಗೆ ಸಿಟ್ಟಿಲ್ಲ. "ಅವನ ಮಾಡೆಲ್ ಫಿನಿಶಿಂಗ್ ಸೂಪರ್ ಇತ್ತು ಅಣ್ಣ, ನಂದು ಅಂಟು ಅಂಟು" ಅಂದಳು, ಹತ್ತು ಗಂಟೆ ಮಲಗಿದಳು.

ಸಂಕ್ರಾಂತಿಗೆ ಊರಿಗೆ ಹೋದೆವು. ಅಪ್ಪ ಮುಖಾಮುಖಿ ಮಾತಾಡಲು ಕಾದಿದ್ದರು, ಅದು ಬಸ್ ಸ್ಟ್ಯಾಂಡಿಗೆ ಬಂದ ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಎಳ್ಳು ಬೆಲ್ಲ ಆಗಲಿ ಅಂತ ತಡೆದುಕೊಂಡಿದ್ದರು.

ಅಮ್ಮ ಪೊಂಗಲ್‌ಗೆ ಒಗ್ಗರಣೆ ಹಾಕುತ್ತಿದ್ದಳು. ಅವಳು ಅಡುಗೆ ಕಟ್ಟೆಯ ಮುಂದೆ ಒಂದು ಮಣೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಾಳೆ. ಆ ಮನೆ ಕಟ್ಟಿದಾಗಿನಿಂದ, ಅಂದರೆ ಇಪ್ಪತ್ತು ವರ್ಷದಿಂದ, ಹಾಗೇ. ನಾವಿಬ್ಬರೂ ಆ ಮಣೆ ನೋಡುತ್ತಲೇ ಬೆಳೆದವರು, ಅಡುಗೆ ಮನೆ ಅಂದರೆ ಅಲ್ಲೊಂದು ಮಣೆ ಇರುತ್ತೆ ಅಷ್ಟೇ. ತಂಗಿ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದವಳು ಬ್ಯಾಗಿನಿಂದ ಟೇಪ್ ತಂದಳು. ಕಟ್ಟೆಯ ಎತ್ತರ 86 ಸೆಂಟಿಮೀಟರ್. ಅಮ್ಮನನ್ನು ನೆಲದ ಮೇಲೆ ನಿಲ್ಲಿಸಿ ಮೊಣಕೈ ಅಳೆದಳು, 93. ಹೆಚ್ಚಿ ಬೇಯಿಸುವ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ಹತ್ತು ಹನ್ನೆರಡು ಸೆಂಟಿಮೀಟರ್ ಕೆಳಗಿರಬೇಕು ಅಂತ ಅವರ ಪಾಠದಲ್ಲಿದೆ. ಅಂದರೆ 81. ಆಮೇಲೆ ಮಣೆ ಅಳೆದಳು. ಸರಿಯಾಗಿ ಐದು.

"ಅಮ್ಮ, ಇಷ್ಟೇ ದಪ್ಪದ ಮಣೆ ಬೇಕು ಅಂತ ಹೆಂಗ್ ಗೊತ್ತಾಯ್ತು ನಿಂಗೆ?"

"ಮೊದಲು ಒಂದು ತೆಳ್ಳಗಿಂದಿತ್ತು, ಭುಜ ನೋಯ್ತಿತ್ತು. ಆಚಾರಿ ಹತ್ರ ದಪ್ಪದ್ದು ಮಾಡಿಸ್ಕೊಂಡೆ. ಯಾಕೆ?"

ಅಪ್ಪ ಪೇಪರ್ ಮಡಿಸಿಟ್ಟು ಒಳಗೆ ಬಂದರು. ಆ ಕಟ್ಟೆ ಹಾಕಿಸಿದ್ದು ಅವರೇ, ಮೇಸ್ತ್ರಿ ಹೇಳಿದ ಅಳತೆಗೆ. ಮಣೆಯನ್ನು ಕಾಲಲ್ಲಿ ಸರಿಸಿ, ಬಗ್ಗಿ, ಟೇಪ್ ಇಸಕೊಂಡು ತಾವೇ ಇನ್ನೊಮ್ಮೆ ಅಳೆದರು. 86. ಆ ದಿನ ಸಿಎಸ್ ಮಾತು ಬರಲಿಲ್ಲ, ಮರುದಿನವೂ ಬರಲಿಲ್ಲ.

ಈಗ ಭಾನುವಾರದ ಫೋನು ತಂಗಿಗೇ ನೇರ ಹೋಗುತ್ತೆ, ಮುಕ್ಕಾಲು ಗಂಟೆ ನಡೆಯುತ್ತೆ. ಕಟ್ಟೆ ಇಳಿಸೋಣ ಅಂದರೆ ಗ್ರಾನೈಟ್ ಎಬ್ಬಿಸುವಾಗ ಒಡೆಯಬಹುದು, ಸಿಂಕಿನ ಪೈಪನ್ನೂ ಕೆಳಗಿಳಿಸಬೇಕು ಅಂತ ಮೇಸ್ತ್ರಿ ಹೇಳಿದ್ದಾನೆ. ಅದರ ಬದಲು ಕಟ್ಟೆ ಉದ್ದಕ್ಕೂ ನೆಲವನ್ನೇ ಎರಡಿಂಚು ಏರಿಸೋಣ ಅನ್ನೋದು ಅಪ್ಪನ ವಾದ. ಎಡವಿ ಬೀಳ್ತಾರೆ ಅನ್ನೋದು ತಂಗಿಯದು. ಹಾಗಾದರೆ ಒಲೆ ಇರುವ ಭಾಗ ಮಾತ್ರ ಇಳಿಸಿದರೆ? ಅದಕ್ಕೆ ಡೈನಿಂಗ್ ಟೇಬಲ್ ಮೇಲೆ ಈ ವಾರ ಮೂರು ಬಟರ್ ಪೇಪರ್ ಬಿದ್ದಿವೆ. ಅಮ್ಮ ಸದ್ಯಕ್ಕೆ ಮಣೆ ಮೇಲೇ ನಿಂತಿದ್ದಾಳೆ.